ಬೇಸ್ ಗಿಟಾರಿನ ಪಾಟ್: ಕ್ಲೀನ್ ಮಾಡೋದಾ, ಬದಲಾಯಿಸೋದಾ?

ವಾಲ್ಯೂಮ್ ನಾಬ್ ತಿರುಗಿಸಿದಾಗ ಮಾತ್ರ ಕರಕರ ಸದ್ದು ಬರುತ್ತಿದೆಯಾ? ಹಾಗಾದರೆ ಎರಡು ದಾರಿ ಇವೆ. ಸ್ಪ್ರೇ ಹೊಡೆದು ಕ್ಲೀನ್ ಮಾಡಬಹುದು, ಇಲ್ಲವೇ ನಾಬ್ ಕೆಳಗಿರುವ ಪಾಟನ್ನೇ (ಪೊಟೆನ್ಶಿಯೋಮೀಟರ್, ಅಂದರೆ ಸದ್ದು ಏರಿಸಿ ಇಳಿಸುವ ಬಿಡಿಭಾಗ) ಬದಲಾಯಿಸಬಹುದು. ನಾನಂತೂ ಮೊದಲು ಸ್ಪ್ರೇ ಅನ್ನುತ್ತೇನೆ.

ಜಾಸ್ತಿ ಸಲ ತೊಂದರೆ ಪಾಟಿನ ಒಳಗಿರುವ ಕಾರ್ಬನ್ ಪಟ್ಟಿಯ ಮೇಲೆ ಕೂತ ಕೊಳೆಯದ್ದು. ಬೆಂಗಳೂರಿನ ಧೂಳು ಗೊತ್ತೇ ಇದೆ ಅಲ್ವಾ! ಆಂಪ್‌ನಿಂದ ಕೇಬಲ್ ಬಿಚ್ಚಿ, ಆಕ್ಟಿವ್ (ಬ್ಯಾಟರಿ ಇರುವ) ಬೇಸ್ ಆದರೆ ಬ್ಯಾಟರಿಯನ್ನೂ ತೆಗೆದು, ಪಾಟಿನ ಕಾಲುಗಳ ಹತ್ತಿರದ ಸಣ್ಣ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಾನಿಕ್ ಭಾಗ ಕ್ಲೀನ್ ಮಾಡುವ ಸ್ಪ್ರೇ) ಡಬ್ಬಿಯ ಸ್ಟ್ರಾ ಇಟ್ಟು ಚೂರೇ ಚೂರು ಹೊಡೆದು, ನಾಬನ್ನು ಈ ತುದಿಯಿಂದ ಆ ತುದಿಗೆ 20-30 ಸಲ ತಿರುಗಿಸಿ. ಒಣಗಲು ಬಿಡಿ. ಮನೆಯಲ್ಲಿರುವ ಮಾಮೂಲಿ ಡಬ್ಲ್ಯೂಡಿ-40 ಮಾತ್ರ ದಯವಿಟ್ಟು ಬೇಡ, ಅದರ ಎಣ್ಣೆ ಪದರಕ್ಕೆ ಮತ್ತೆ ಧೂಳು ಅಂಟುತ್ತದೆ.

ಎರಡು ಸಲ ಮಾಡಿದರೂ ಸದ್ದು ಹೋಗದಿದ್ದರೆ ಪಟ್ಟಿ ಸವೆದಿರಬಹುದು. ಆಗ ಹೊಸದೇ ಸರಿ. ಇದಕ್ಕೆ ಬೆಸುಗೆ ಹಾಕಲು ಬರಬೇಕು, ಸಮಯವೂ ಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋಗುವಾಗ ಹಳೇ ಪಾಟ್ ಜೇಬಿನಲ್ಲಿರಲಿ, ಶಾಫ್ಟ್ ದಪ್ಪ ಹೊಂದದಿದ್ದರೆ ನಾಬ್ ಕೂರುವುದಿಲ್ಲ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಜಾಝ್ ಬೇಸಿಗೆ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್, ಇಎಂಜಿ ಕಂಪನಿಯ ಆಕ್ಟಿವ್ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) 25 ಕಿಲೋ ಓಮ್ ಪಾಟ್. ಇದನ್ನು ಅದಲು ಬದಲು ಮಾಡಬೇಡಿ, ಟೋನ್ ಕೆಡುತ್ತದೆ.

ಕೇಬಲ್ ಅಲ್ಲಾಡಿಸಿದಾಗ ಸದ್ದು ಬಂದರೆ ಪಾಟಿಗೆ ಸುಮ್ನೆ ಕೈ ಹಾಕಬೇಡಿ. ಮೊದಲು ಬೇರೆ ಕೇಬಲ್ ಹಾಕಿ, ಆಮೇಲೆ ಜ್ಯಾಕ್‌ನ ನಟ್ ಬಿಗಿ ಮಾಡಿ ನೋಡಿ.