ದೊಡ್ಡ ಮೀನುಗಳ ಟ್ಯಾಂಕಿಗೆ ಮರಿ ಸೇರಿಸಲು: ಬಲೆಪೆಟ್ಟಿಗೆಯೋ, ಟಬ್ಬೋ, ನೇರವಾಗಿಯೋ?

ಏಂಜಲ್ ಮೀನು ನೋಡಲು ಬಲು ಸಾಧು. ಆದರೆ ಬಾಯಿಗೆ ಹಿಡಿಸುವ ಮರಿ ಸಿಕ್ಕಿದರೆ ನುಂಗಿಯೇ ಬಿಡುತ್ತದೆ. ಹಿಡಿಸದ ಮರಿಯನ್ನು ಮೂಲೆಗೆ ಅಟ್ಟುತ್ತದೆ. ಪೆರ್ಲದ ನಮ್ಮ ಮನೆಯ ಮೂರಡಿ ಟ್ಯಾಂಕಿನಲ್ಲಿ ಬೆಳೆದ ಏಂಜಲ್‌ಗಳಿವೆ. ಅವುಗಳ ನಡುವೆ ಮರಿ ಸೇರಿಸಲು ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ.

ಬಲೆಪೆಟ್ಟಿಗೆ ಅಗ್ಗ, ಟ್ಯಾಂಕಿನೊಳಗೇ ತೂಗುಹಾಕಬಹುದು. ನೀರು ಅದೇ, ಬಿಸಿಯೂ ಅದೇ. ದೊಡ್ಡ ಮೀನುಗಳು ಮೊದಲ ದಿನ ಬಲೆಗೆ ಮೂತಿ ಒತ್ತಿ ನಿಲ್ಲುತ್ತವೆ. ದಿನ ಕಳೆದಂತೆ ಮರಿಗಳ ಕಡೆ ಗಮನ ಕಡಿಮೆಯಾಗುತ್ತದೆ. ಇದು ಬೇರೆ ಯಾವ ದಾರಿಯಲ್ಲೂ ಸಿಗದ ಲಾಭ. ಆದರೆ ಪುಟ್ಟ ಮರಿಗಳನ್ನು ಅದರಲ್ಲೇ ಬೆಳೆಸುತ್ತೇನೆ ಅಂದರೆ ಆಗುವುದಿಲ್ಲ. ಉಳಿದ ತಿಂಡಿ ತಳದಲ್ಲಿ ಕೊಳೆಯುತ್ತದೆ, ಪಾಚಿ ಕಟ್ಟಿ ಬಲೆಯ ಕಣ್ಣು ಮುಚ್ಚುತ್ತದೆ, ಬೆಳವಣಿಗೆ ನಿಧಾನ. ಬಲೆಗೆ ತಾಗಿ ಮಲಗಿದ ಮರಿಯ ರೆಕ್ಕೆಯನ್ನು ಹೊರಗಿನಿಂದಲೇ ಕಚ್ಚುವುದೂ ಉಂಟು. ಏರ್ ಪಂಪಿನಿಂದ ನೀರು ಎಳೆಯುವ ಪ್ಲಾಸ್ಟಿಕ್ ಪೆಟ್ಟಿಗೆಯೂ ಸಿಗುತ್ತದೆ. ಕರೆಂಟ್ ಹೋದರೆ ಅದರ ನೀರು ನಿಂತೇ ಹೋಗುತ್ತದೆ. ನಮ್ಮ ಮಳೆಗಾಲಕ್ಕೆ ಅದು ಬೇಡ.

ಬೆಳವಣಿಗೆ ಬೇಕಿದ್ದರೆ ಟಬ್. ನನ್ನ ಒಲವು ಇದಕ್ಕೇ. ಹಿಂದಿನ ಜಗಲಿಯಲ್ಲಿ 50 ಲೀಟರಿನ ಟಬ್ ಇಟ್ಟರೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ತಿಂಡಿ ಕೊಡಬಹುದು, ಕಸ ಎಳೆದು ನೀರು ಬದಲಿಸುವುದೂ ಸುಲಭ. ಅಂಗಡಿಯಿಂದ ತಂದ ಮರಿಗಳಿಗಂತೂ ಎರಡರಿಂದ ನಾಲ್ಕು ವಾರ ಇಲ್ಲೇ ವಾಸ. ಬಿಳಿ ಚುಕ್ಕೆ ರೋಗ ಇದ್ದರೆ ಅಷ್ಟರಲ್ಲಿ ಕಾಣುತ್ತದೆ, ದೊಡ್ಡ ಟ್ಯಾಂಕಿಗೆ ಹಬ್ಬುವುದಿಲ್ಲ. ಸ್ಪಾಂಜ್ ಫಿಲ್ಟರ್ ಹೊಸತು ಹಾಕಬೇಡಿ. ಕೆಲವು ವಾರ ದೊಡ್ಡ ಟ್ಯಾಂಕಿನಲ್ಲಿ ಓಡಿಸಿದ್ದನ್ನು ತಂದು ಹಾಕಿ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಆಗಲೇ ಇರುತ್ತದೆ. ಮೇಲೊಂದು ಬಲೆ ಬೇಕೇ ಬೇಕು, ಮಿಂಚುಳ್ಳಿ ಹೊಂಚು ಹಾಕುತ್ತದೆ. ಮದಕದಿಂದ, ಅಂದರೆ ಕೆರೆಯಿಂದ, ಹೈಡ್ರಿಲ್ಲಾ ಎಂಬ ನೀರುಗಿಡ ತರುವುದಾದರೆ ಚೆನ್ನಾಗಿ ಜಾಲಾಡಿಸಿ. ಅದರ ಜೊತೆ ಬರುವ ಕೊಡತಿಹುಳದ, ಅಂದರೆ ಏರೋಪ್ಲೇನ್ ಚಿಟ್ಟೆಯ, ಮರಿಹುಳ ಮೀನಿನ ಮರಿಗಳನ್ನೇ ತಿನ್ನುತ್ತದೆ.

ನೀರಿನ ಬಗ್ಗೆ ಒಂದು ಮಾತು. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದಲ್ಲಿ ಮುರಕಲ್ಲಿನೊಳಗಿಂದ ಬರುವ ನೀರು ಮೆದು, ಅಂದರೆ ಸುಣ್ಣದಂಶ ಕಡಿಮೆ. ಏಂಜಲ್ ಅಮೆಜಾನ್ ಕಡೆಯ ಮೀನು, ಅದಕ್ಕೆ ಮೆದು ನೀರು ಹಿಡಿಸುತ್ತದೆ. ಮೋಲಿ ಎಂಬ ಮೀನಿಗಾದರೆ ಗಡಸು ನೀರು ಬೇಕು. ಸುರಂಗದಿಂದ ಹಿಡಿದ ನೀರನ್ನು ಒಂದು ರಾತ್ರಿ ಗಾಳಿ ಆಡಿಸಿಯೇ ಟಬ್ಬಿಗೆ ಹಾಕುವುದು ಒಳ್ಳೆಯದು. ಮಂಗಳೂರಿನಿಂದ ಬಸ್ಸಿನಲ್ಲಿ ತಂದ ಮರಿಗಳ ಚೀಲವನ್ನು 15–20 ನಿಮಿಷ ಟಬ್ಬಿನಲ್ಲಿ ತೇಲಿಸಿ, ಆಮೇಲೆ ಸ್ವಲ್ಪ ಸ್ವಲ್ಪ ನೀರು ಬೆರೆಸಿದರೆ ಸಾಕು. ಒಂದೆರಡು ದಿನ ಪಾರ್ಸೆಲ್‌ನಲ್ಲಿ ಬಂದ ಚೀಲದ ಕಥೆ ಬೇರೆ. ಅದನ್ನು ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ, ನೀರಿನ ಹುಳಿ ತಗ್ಗಿ ಪಿಎಚ್ ಏರುತ್ತದೆ, ಒಳಗಿನ ಅಮೋನಿಯಾ ವಿಷವಾಗುತ್ತದೆ. ಬಿಸಿ ಹೊಂದಿಸಿ, ಬಿಚ್ಚಿ, ತಡಮಾಡದೆ ಮರಿಗಳನ್ನು ದಾಟಿಸಬೇಕು. ಎರಡರಲ್ಲೂ ಚೀಲದ ನೀರನ್ನು ಟಬ್ಬಿಗೆ ಸುರಿಯಬಾರದು.

ನೇರವಾಗಿ ಬಿಡುವುದು? ಗಪ್ಪಿ, ಮೋಲಿಗಳದ್ದೇ ಟ್ಯಾಂಕಾದರೆ ಸರಿ. ಜಾವಾ ಮಾಸ್ ಎಂಬ ನೀರುಗಿಡ ದಟ್ಟವಾಗಿದ್ದರೆ ಕೆಲವು ಮರಿ ಹೇಗೂ ಉಳಿಯುತ್ತವೆ. ಏಂಜಲ್‌ಗಳ ನಡುವೆ ಪುಟ್ಟ ಮರಿಯನ್ನು ಹಾಗೆ ಬಿಡಲೇಬೇಡಿ, ಅದು ಸುಮ್ನೆ ಊಟ ಹಾಕಿದಂತೆ.

ಹಾಗಾಗಿ ನಮ್ಮಲ್ಲಿ ಮರಿ ದೊಡ್ಡವುಗಳ ಅರ್ಧದಷ್ಟಾಗುವ ತನಕ ಟಬ್, ಕೊನೆಯ ಕೆಲವು ದಿನ ಮಾತ್ರ ಬಲೆಪೆಟ್ಟಿಗೆ. ಬಿಡುವ ಸಂಜೆ ದೊಡ್ಡವಕ್ಕೆ ಹೊಟ್ಟೆ ತುಂಬ ತಿಂಡಿ ಹಾಕಿ, ಕಲ್ಲು, ಕೊರಡುಗಳ ಜಾಗ ಬದಲಿಸಿ, ಲೈಟ್ ಆರಿಸಿ ಬಿಡುತ್ತೇನೆ. ಜಾಗ ಬದಲಾದರೆ ಹಳಬರಿಗೂ ‘ಇದು ನನ್ನ ಮೂಲೆ’ ಅನ್ನುವುದು ಉಳಿಯುವುದಿಲ್ಲ. ಒಂದೇ ಮರಿಯನ್ನು ಬಿಡಬಾರದು. ನಾಲ್ಕಾರು ಒಟ್ಟಿಗಿದ್ದರೆ ಅಟ್ಟುವಿಕೆ ಹಂಚಿಹೋಗುತ್ತದೆ. ಯಾವುದಾದರೂ ಜೋಡಿ ಮೊಟ್ಟೆ ಕಾಯುತ್ತಿದ್ದರೆ ಆ ವಾರ ಪೂರ್ತಿ ಕೈಬಿಡಿ.

ಬಿಟ್ಟ ಮೇಲೂ ಒಂದು ದೊಡ್ಡ ಮೀನು ಬೆನ್ನು ಬಿಡದಿದ್ದರೆ ಮರಿಯನ್ನಲ್ಲ, ಆ ದೊಡ್ಡದನ್ನೇ ಹಿಡಿದು ಎರಡು ಮೂರು ದಿನ ಟಬ್ಬಿಗೆ ಹಾಕಿ. ವಾಪಸ್ ಬರುವಾಗ ಅದರ ಜೋರು ತಗ್ಗಿರುತ್ತದೆ. ಆಗಲೂ ಅಟ್ಟಿದರೆ ಟ್ಯಾಂಕಿನಲ್ಲಿ ಜಾಗವೇ ಸಾಲದು, ಮರಿಗಳಿಗೆ ಬೇರೆ ಟ್ಯಾಂಕ್ ಮಾಡಬೇಕು.