ಸದರ್ನ್ ರ‍್ಯಾಪ್: ಯಾವ ಆಲ್ಬಮ್ ಮೊದಲು, ಹೇಗೆ ಕೇಳಬೇಕು

ಅಮೆರಿಕದ ದಕ್ಷಿಣ ರಾಜ್ಯಗಳ ರ‍್ಯಾಪನ್ನು ಫೋನಿನ ಸ್ಪೀಕರ್‌ನಲ್ಲಿ ಎರಡು ನಿಮಿಷ ಕೇಳಿ, ಇದರಲ್ಲೇನಿದೆ ಅಂತ ಕೈಬಿಟ್ಟವರು ಬಹಳ ಜನ. ತಪ್ಪು ಆಲ್ಬಮ್‌ನದ್ದಲ್ಲ. ಅಟ್ಲಾಂಟಾ, ಹ್ಯೂಸ್ಟನ್, ಮೆಂಫಿಸ್, ನ್ಯೂ ಆರ್ಲಿಯನ್ಸ್‌ಗಳಲ್ಲಿ ಜನ ಹಾಡು ಕೇಳುತ್ತಿದ್ದದ್ದು ಕಾರಿನಲ್ಲಿ. ಮಿಕ್ಸ್ ಮಾಡುವವರ ತಲೆಯಲ್ಲಿ ಇದ್ದದ್ದೂ ಡಿಕ್ಕಿಯಲ್ಲಿ ಕೂರಿಸಿದ ತಗ್ಗು ದನಿಯ (ಬೇಸ್) ಸ್ಪೀಕರ್, ಅಂದರೆ ಸಬ್‌ವೂಫರ್. ರೋಲ್ಯಾಂಡ್ ಟಿಆರ್-808 ಡ್ರಮ್ ಮಶೀನಿನ ಕಿಕ್ ಸದ್ದಿನ ಜೀವ ಇರುವುದು ಸುಮಾರು 50 ಹರ್ಟ್ಸ್ ಆಸುಪಾಸಿನಲ್ಲಿ. ಫೋನಿನ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಕಿವಿಗೆ ಬೀಳುವುದು ಮಾತು ಮತ್ತು ಹೈ-ಹ್ಯಾಟ್‌ನ ಟಿಕ್‌ಟಿಕ್ ಮಾತ್ರ, ಹಾಡಿನ ಅರ್ಧ ಭಾಗ ನಾಪತ್ತೆ.

ದುಬಾರಿ ಸಾಮಾನೇನೂ ಬೇಡ. ಕಿವಿಯೊಳಗೆ ಬಿಗಿಯಾಗಿ ಕೂರುವ ಸಿಲಿಕೋನ್ ತುದಿಯ ಇಯರ್‌ಫೋನ್ ಸಾಕು. ತುದಿ ಒಂದು ಸೈಜ್ ಚಿಕ್ಕದಾದರೂ ಗಾಳಿ ಸೋರಿ ಬೇಸ್ ಹೊರಟುಹೋಗುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಬಂದ ಮೂರೂ ಸೈಜ್ ಹಾಕಿ ನೋಡಿ. ಕಾರಿನಲ್ಲಾದರೆ ಸಬ್‌ವೂಫರ್ ಕ್ರಾಸ್‌ಓವರ್ (ಯಾವ ಮಟ್ಟದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಸೆಟ್ಟಿಂಗ್) 80 ಹರ್ಟ್ಸ್‌ಗೆ, ಈಕ್ವಲೈಸರ್ ಫ್ಲಾಟ್‌ಗೆ ಇಡಿ. ಬೇಸ್ ಬೂಸ್ಟ್ ಬಟನ್ ಮುಟ್ಟಲೇಬೇಡಿ. ಮೊದಲೇ ತುಂಬಿರುವ ಬೇಸ್ ಮೇಲೆ ಇನ್ನಷ್ಟು ಸುರಿದರೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತದೆ. ದನಿ ಒಡೆದು ಪದಗಳು ಮುಳುಗುತ್ತವೆ.

ಶುರು ಮಾಡುವುದಾದರೆ ಔಟ್‌ಕ್ಯಾಸ್ಟ್ ಜೋಡಿಯ ಅಕ್ವೆಮಿನಿಯಿಂದ ಮಾಡಿ. 1998ರ ಸೆಪ್ಟೆಂಬರ್ 29ರಂದು ಬಂದದ್ದು. ಇದಕ್ಕೆ ಮೂರು ವರ್ಷ ಹಿಂದೆ, 1995ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಸೋರ್ಸ್ ಅವಾರ್ಡ್ಸ್ ವೇದಿಕೆಯಲ್ಲಿ ಅಟ್ಲಾಂಟಾದ ಈ ಹುಡುಗರು ಪ್ರಶಸ್ತಿ ತೆಗೆದುಕೊಳ್ಳಲು ಬಂದಾಗ ಸಭೆ ಅವರ ವಿರುದ್ಧ ಕೂಗಾಡಿತ್ತು. ಸೌತ್‌ನವರಿಗೂ ಹೇಳುವುದಿದೆ ಎಂದು ಜೋಡಿಯಲ್ಲೊಬ್ಬನಾದ ಆಂಡ್ರೆ ಮೈಕ್‌ನಲ್ಲಿ ಹೇಳಿ ಇಳಿದಿದ್ದ. ಅದಾದ ಮೇಲೆ ಅವರು ನ್ಯೂಯಾರ್ಕಿನ ದಾರಿ ಹಿಡಿಯಲಿಲ್ಲ. ತಮ್ಮ ಊರಿನ ಚರ್ಚ್ ಸಂಗೀತ, ಫಂಕ್, ಬ್ಲೂಸ್ ಎಲ್ಲವನ್ನೂ ಒಳಗೆ ತಂದರು. ರೋಸಾ ಪಾರ್ಕ್ಸ್ ಹಾಡಿನ ನಡುವೆ ಬೀಟ್ ಪಕ್ಕಕ್ಕೆ ಸರಿದು ಚಪ್ಪಾಳೆ ಮತ್ತು ಮೌತ್ ಆರ್ಗನ್ ಎದ್ದು ನಿಲ್ಲುತ್ತವೆ. ಅದನ್ನು ನುಡಿಸಿದವರು ಆಂಡ್ರೆಯ ಮಲತಂದೆ, ವೃತ್ತಿಯಿಂದ ಪಾದ್ರಿ.

ಆಲ್ಬಮ್‌ನ ತಿರುಳು ಮಾತ್ರ ಸ್ಪಾಟಿಆಟಿಡೋಪಾಲಿಶಸ್. ಏಳು ನಿಮಿಷದ ಹಾಡು. ಹಾರ್ನ್‌ಗಳ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಒಮ್ಮೆಯೂ ಬೇಸರವಾಗುವುದಿಲ್ಲ. ಇಬ್ಬರೂ ಇಲ್ಲಿ ರ‍್ಯಾಪ್ ಮಾಡುವುದಿಲ್ಲ, ಕತೆ ಹೇಳುತ್ತಾರೆ. ಕ್ಲಬ್ಬಿನಲ್ಲಿ ಕಣ್ಣಿಗೆ ಬಿದ್ದ ಹುಡುಗಿ, ಪ್ರೀತಿ, ಮಗು, ಮನೆ ಖರ್ಚು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದರಿಂದ ಕೊರಿಯರ್ ಕಂಪನಿಯೂ ಅಂಚೆ ಕಚೇರಿಯೂ ತಿರುಗಿ ಫೋನ್ ಮಾಡುವುದಿಲ್ಲ, ಹುಡುಗ ಮತ್ತೆ ಡ್ರಗ್ಸ್ ಮಾರುವ ಗಲ್ಲಿಗೇ, ಅಂದರೆ ಟ್ರ್ಯಾಪ್‌ಗೇ, ಮರಳುತ್ತಾನೆ. ಉಪದೇಶ ಇಲ್ಲ, ಅಳು ಇಲ್ಲ. ಆ ಗಲ್ಲಿಯ ಬದುಕನ್ನೇ ಇಡೀ ಆಲ್ಬಮ್ ಮಾಡಿ ಅಟ್ಲಾಂಟಾದ ರ‍್ಯಾಪರ್ ಟಿ.ಐ. ಟ್ರ್ಯಾಪ್ ಮ್ಯೂಜಿಕ್ ತಂದದ್ದು 2003ರಲ್ಲಿ. ಇಲ್ಲಿ ಅದು ಎರಡು ಸಾಲಿನಲ್ಲೇ ಮನಸ್ಸಿಗೆ ನಾಟುತ್ತದೆ. ಕೊನೆಯ ಹಾಡು ಚಾಂಕಿಫೈಯರ್ ಮುಗಿಯುವ ಮುನ್ನವೇ ನಿಲ್ಲಿಸಬೇಡಿ. ಸೋರ್ಸ್ ಅವಾರ್ಡ್ಸ್‌ನ ಆ ಭಾಷಣದ ಧ್ವನಿಮುದ್ರಣವನ್ನು ಅಲ್ಲಿ ಇಟ್ಟಿದ್ದಾರೆ. ಮಾಮಸೀಟಾ ಒಂದನ್ನು ದಾಟಿಸಿದರೆ ನಷ್ಟವಿಲ್ಲ. ಸುಮಾರು 75 ನಿಮಿಷದ ಆಲ್ಬಮ್, ಎರಡು ಕಂತಿನಲ್ಲಿ ಕೇಳುವುದು ಒಳ್ಳೆಯದು.

ಎರಡನೆಯದು ಯುಜಿಕೆ ಜೋಡಿಯ ರೈಡಿನ್ ಡರ್ಟಿ, 1996ರ ಜುಲೈ. ಬನ್ ಬಿ ಮತ್ತು ಪಿಂಪ್ ಸಿ ಟೆಕ್ಸಸ್‌ನ ಎಣ್ಣೆ ರಿಫೈನರಿಗಳ ಊರು ಪೋರ್ಟ್ ಆರ್ಥರ್‌ನವರು. ಸದ್ದಿನ ವಿಷಯದಲ್ಲಿ ಈ ಇಡೀ ಗುಂಪಿನಲ್ಲಿ ಇದಕ್ಕೇ ನನ್ನ ಮೊದಲ ಅಂಕ. ಪಿಂಪ್ ಸಿ ಮತ್ತು ನಿರ್ಮಾಪಕ ಎನ್.ಒ. ಜೋ ಸೇರಿ ಆರ್ಗನ್, ಗಿಟಾರ್, ಬೇಸ್‌ಗಳನ್ನು ಅಷ್ಟು ಹದವಾಗಿ ಹರಡಿದ್ದಾರೆ. ಒನ್ ಡೇ ಹಾಡು ಐಸ್ಲಿ ಬ್ರದರ್ಸ್‌ನ ಹಳೆಯ ಹಾಡೊಂದರ ಮೇಲೆ ನಿಂತಿದೆ. ಅದರಲ್ಲಿ ಪಿಂಪ್ ಸಿ ಬೆಂಕಿಯಲ್ಲಿ ಮಗುವನ್ನು ಕಳೆದುಕೊಂಡ ಗೆಳೆಯನ ಬಗ್ಗೆ ಹೇಳುವ ಸಾಲು ಬಂದಾಗ, ಹಿಂದಿನ ಗಿಟಾರ್ ಎಷ್ಟು ತಗ್ಗಿದ ದನಿಯಲ್ಲಿದೆ ಗಮನಿಸಿ. ಮರ್ಡರ್ ಹಾಡಿನಲ್ಲಿ ಬನ್ ಬಿಯ ಪದ್ಯವನ್ನು ಒಂದೇ ಸಲಕ್ಕೆ ಹಿಡಿಯಲು ಆಗುವುದಿಲ್ಲ. ಮೊದಲು ಪ್ರಾಸ ಎಲ್ಲಿ ಬೀಳುತ್ತದೆ ಅಂತ ಮಾತ್ರ ಕೇಳಿ, ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ದೊಡ್ಡ ಕೊರತೆಯೂ ಇದೆ. ಹೆಣ್ಣುಮಕ್ಕಳ ಬಗ್ಗೆ ಇಲ್ಲಿರುವ ಮಾತು ಹಲವೆಡೆ ಹೊಲಸು, ಆ ಕಾಲ ಹಾಗಿತ್ತು ಎಂದು ತಳ್ಳಿಹಾಕುವಂಥದ್ದಲ್ಲ. ಮನೆಯಲ್ಲಿ ಮಕ್ಕಳ ಎದುರು ಹಾಕುವ ಆಲ್ಬಮ್ ಇದಲ್ಲ.

ಯುಜಿಕೆ ಕಿವಿಗೆ ಹೊಂದಿಕೊಂಡ ಮೇಲೆ ಡಿಜೆ ಸ್ಕ್ರೂ. ಹ್ಯೂಸ್ಟನ್‌ನ ಡಿಜೆ, ನಿಜ ಹೆಸರು ರಾಬರ್ಟ್ ಅರ್ಲ್ ಡೇವಿಸ್ ಜೂನಿಯರ್. 2000ದ ನವೆಂಬರ್‌ನಲ್ಲಿ ತೀರಿಕೊಂಡಾಗ ವಯಸ್ಸು 29 ಮಾತ್ರ. ಅವನ ವಿಧಾನವನ್ನು ತಿಳಿದುಕೊಂಡು ಕೇಳಿದರೆ ಸಂತೋಷ ಇಮ್ಮಡಿ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲೆ ಇಡುವುದು, ಒಂದನ್ನು ಒಂದು ಬೀಟ್ ಹಿಂದೆ ಓಡಿಸುವುದು, ಕ್ರಾಸ್‌ಫೇಡರ್ (ಒಂದು ಟರ್ನ್‌ಟೇಬಲ್‌ನ ದನಿಯಿಂದ ಇನ್ನೊಂದಕ್ಕೆ ಜಾರಿಸುವ ಗುಂಡಿ) ಅತ್ತಿತ್ತ ತಳ್ಳುವುದು. ಆಗ ಒಂದು ಪದ ಎರಡೆರಡು ಸಲ ಬಡಿಯುತ್ತದೆ, ಇದು ಚಾಪ್. ಇಡೀ ಮಿಕ್ಸ್‌ನ ವೇಗ ಇಳಿಸುವುದು ಸ್ಕ್ರೂ. ವೇಗದ ಜೊತೆಗೆ ಶ್ರುತಿಯೂ ಇಳಿಯಬೇಕು: ವೇಗ ಶೇ 20 ಕಡಿಮೆಯಾದರೆ ಶ್ರುತಿ ಹೆಚ್ಚುಕಡಿಮೆ ನಾಲ್ಕು ಸೆಮಿಟೋನ್ (ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ನಾಲ್ಕು ಕೀಲಿ) ಕೆಳಗೆ. ಫೋನ್ ಆ್ಯಪ್‌ನಲ್ಲಿ ಶ್ರುತಿ ಹಾಗೇ ಇಟ್ಟು ವೇಗ ಮಾತ್ರ ತಗ್ಗಿಸಿದರೆ ದನಿ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಅದರ ಮೇಲೆ ರಿವರ್ಬ್ (ಪ್ರತಿಧ್ವನಿ) ಬಳಿದರೂ ಸ್ಕ್ರೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಚಾಪ್ ಇಲ್ಲ. 3 ಇನ್ ದ ಮಾರ್ನಿನ್ ಪಾರ್ಟ್ ಟೂ (1996) ಒಳ್ಳೆಯ ಬಾಗಿಲು. ಕ್ಯಾಸೆಟ್‌ಗಳ ಸರಣಿಗೆ ಹೋಗುವವರು ಸಿಡಿಯಲ್ಲಿ ಮರುಮುದ್ರಣಗೊಂಡ ಡೈರಿ ಆಫ್ ದಿ ಒರಿಜಿನೇಟರ್ ಅಧ್ಯಾಯಗಳನ್ನು ಹುಡುಕಿ. ಯೂಟ್ಯೂಬಿನಲ್ಲಿ ಯಾರೋ ಹಾಕಿದ ಪ್ರತಿಗಳ ವೇಗ ನಂಬುವಂತಿಲ್ಲ, ಕ್ಯಾಸೆಟ್ ಡೆಕ್ ಹೇಗೆ ಓಡಿತೋ ಹಾಗೆ. ಬಿಗ್ ಡಾಗ್ಸ್ ಹಾಡಿನ ಹನುಮಾನ್‌ಕೈಂಡ್ ಬೆಳೆದದ್ದು ಹ್ಯೂಸ್ಟನ್‌ನಲ್ಲಿ, ರ‍್ಯಾಪರ್ ಆಗಿ ಹೆಸರು ಮಾಡಿದ್ದು ಬೆಂಗಳೂರಿನಲ್ಲಿ. ಅವನ ಆ ಭಾರದ, ಎಳೆದು ನಿಲ್ಲಿಸುವ ಉಚ್ಚಾರಣೆಯ ಬೇರು ಹುಡುಕುವವರಿಗೆ ಯುಜಿಕೆ ಮತ್ತು ಸ್ಕ್ರೂ ಎರಡೂ ಬೇಕು.

ನ್ಯೂ ಆರ್ಲಿಯನ್ಸ್‌ಗೆ ಜುವೆನೈಲ್‌ನ 400 ಡಿಗ್ರೀಜ್ (1998). ಅಮೆರಿಕದಲ್ಲಿ ನಾಲ್ಕು ಪಟ್ಟು ಪ್ಲಾಟಿನಮ್, ಅಂದರೆ ನಲವತ್ತು ಲಕ್ಷ ಪ್ರತಿ. ಬೀಟ್‌ಗಳೆಲ್ಲ ಮ್ಯಾನಿ ಫ್ರೆಶ್‌ನವು. ಹಾ ಎಂಬ ಹಾಡಿನಲ್ಲಿ ಪ್ರತಿ ಸಾಲೂ ಎದುರಿಗಿರುವವನನ್ನೇ ನೀನು ಹೀಗೆ, ನೀನು ಹಾಗೆ ಅಂತ ಕೆಣಕಿ ಹಾ ಎಂದು ಮುಗಿಯುತ್ತದೆ. ಓಣಿಯ ಮಾತೇ ಲಯವಾಗಿದೆ. ಆಲ್ಬಮ್ ಉದ್ದ ಜಾಸ್ತಿ, ಹಿಂದಿನ ಅರ್ಧ ಸಡಿಲ. ಮೊದಲ ಅರ್ಧವನ್ನು ಮಾತ್ರ ಜೋರಾಗಿ ಕೇಳಿ.

ಮೆಂಫಿಸ್‌ನ ತ್ರೀ 6 ಮಾಫಿಯಾದ ಮಿಸ್ಟಿಕ್ ಸ್ಟೈಲ್ಸ್ (1995) ಎಲ್ಲರಿಗೂ ಅಲ್ಲ. ಸದ್ದು ಮಬ್ಬು, ವಿಷಯ ಹಿಂಸೆ ಮತ್ತು ಭಯ. ಆದರೆ ರೀಲ್ಸ್‌ನಲ್ಲಿ ಕಾರಿನ ವಿಡಿಯೋಗಳ ಹಿಂದೆ ಕೇಳುವ ಫಾಂಕ್ (phonk) ಎಂಬ ಶೈಲಿ ಹುಟ್ಟಿದ್ದೇ ಮೆಂಫಿಸ್ ಕ್ಯಾಸೆಟ್‌ಗಳ ಸದ್ದಿನಿಂದ. ಮಬ್ಬನ್ನು ಈಕ್ವಲೈಸರ್‌ನಲ್ಲಿ ಸರಿಮಾಡಲು ಹೋಗಬೇಡಿ; ಟ್ರೆಬಲ್ ಏರಿಸಿದರೆ ಕ್ಯಾಸೆಟ್ಟಿನ ಹಿಸ್ ಸದ್ದು ಮಾತ್ರ ಏರುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಹೆಸರಿನ ಪಕ್ಕ ಇ (ಎಕ್ಸ್‌ಪ್ಲಿಸಿಟ್, ಪದ ಕತ್ತರಿಸದ ಆವೃತ್ತಿ) ಗುರುತು ಇದೆಯೇ ನೋಡಿ. ಕ್ಲೀನ್ ಆವೃತ್ತಿಯಲ್ಲಿ ಪದಗಳನ್ನು ಕತ್ತರಿಸಿರುತ್ತಾರೆ, ಯುಜಿಕೆಯಂಥವರ ಪ್ರಾಸವೇ ಮುರಿದುಬೀಳುತ್ತದೆ. ವಿನೈಲ್ ಕೊಳ್ಳುವವರು ಎಷ್ಟು ಡಿಸ್ಕ್ ಇದೆ ಅಂತ ಮೊದಲು ಕೇಳಿ. ಒಂದು ಬದಿಗೆ ನಿಮಿಷ ಹೆಚ್ಚಾದಷ್ಟೂ ಗೆರೆಗಳು ಒತ್ತೊತ್ತಾಗಿ ಬೇಸ್ ತಗ್ಗಿಸಬೇಕಾಗುತ್ತದೆ. ಅಕ್ವೆಮಿನಿಯಷ್ಟು ಉದ್ದದ ಆಲ್ಬಮ್ ಎರಡೇ ಡಿಸ್ಕಿನಲ್ಲಿ ಬಂದಿದ್ದರೆ ಆ ದುಡ್ಡಿಗೆ ಸಿಡಿ ತೆಗೆದುಕೊಳ್ಳುವುದೇ ವಾಸಿ.