ನಿಮ್ಮ ಸರಕಿನ ಬಗ್ಗೆ ಬೇರೆಯವರು ಬರೆದುಕೊಡುತ್ತೇವೆ ಎಂದರೆ ಹುಷಾರು

ಉಪ್ಪಿನಕಾಯಿ, ಚಟ್ನಿಪುಡಿ, ಜೇನು, ಗಾಣದ ಎಣ್ಣೆ, ಸೀರೆ ಕುಚ್ಚು, ಹೀಗೆ ಏನಾದರೂ ಒಂದನ್ನು ಒಬ್ಬರೇ ಮಾಡಿ ಒಬ್ಬರೇ ಮಾರುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ನಿಮ್ಮ ಪ್ರಾಡಕ್ಟ್ ಸೂಪರ್ ಮೇಡಂ, ಮೆಸೇಜ್ ಮಾತ್ರ ವೀಕ್. ಅದನ್ನ ನಾವು ಶಾರ್ಪ್ ಮಾಡಿಕೊಡ್ತೀವಿ" ಎಂದು ಯಾರಾದರೂ ಫೋನ್ ಮಾಡಿದರೆ, ಹೂಂ ಅನ್ನುವ ಮುಂಚೆ ನನಗೆ ಆಗಿದ್ದನ್ನು ತಿಳಿದುಕೊಳ್ಳಿ. ಅಡ್ವಾನ್ಸ್ ದುಡ್ಡು ಹೋಯಿತು, ಅದು ಹೋಗಲಿ. ನನ್ನ ಹೆಸರಿನಲ್ಲಿ ಸುಳ್ಳು ಮಾತು ಊರೆಲ್ಲ ತಿರುಗಿತಲ್ಲ, ಅದು ಇವತ್ತಿಗೂ ಸಂಕಟ ಕೊಡುತ್ತದೆ.

ನಾನು ಸಾಗರದ ಹತ್ತಿರದವಳು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಮಲೆನಾಡಿನವರಿಗೆ ಅಪ್ಪೆಮಿಡಿ ಎಂದರೆ ಸಾಕು, ಮುಂದೆ ಮಾತೇ ಬೇಡ. ಬೇರೆ ಕಡೆಯವರಿಗೆ ಸ್ವಲ್ಪ ಹೇಳಬೇಕು. ಹೊಳೆದಂಡೆಯಲ್ಲಿ, ಕಾಡಂಚಿನಲ್ಲಿ ಬೆಳೆಯುವ ಕಾಡುಮಾವಿನ ಎಳೆಕಾಯಿ ಇದು. ಒಳಗಿನ ಓಟೆ, ಅಂದರೆ ಗೊರಟು, ಗಟ್ಟಿಯಾಗುವ ಮುಂಚೆ ಕೊಯ್ಯಬೇಕು. ತೊಟ್ಟು ಸಮೇತ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಜೊತೆಗಿದ್ದ ಒಳ್ಳೆಯ ಮಿಡಿಯನ್ನೂ ಕೆಡಿಸುತ್ತದೆ. ಹಾಗಾಗಿ ಮರ ಹತ್ತಿ ಕೈಯಲ್ಲೇ ಬಿಡಿಸಿ, ಚೀಲದಲ್ಲಿ ತುಂಬಿ, ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕು. ಆಮೇಲೆ ಕಲ್ಲುಪ್ಪಿನಲ್ಲಿ ಪದರ ಪದರವಾಗಿ ಹಾಕಿಡುವುದು. ಮಿಡಿ ನೀರು ಬಿಟ್ಟುಕೊಂಡು ಮುರುಟಿ, ಅಂಗೈಯಲ್ಲಿ ಹಿಡಿದರೆ ಸುಕ್ಕು ಸುಕ್ಕಾಗಿ ಕಾಣಬೇಕು. ಅಲ್ಲಿಯವರೆಗೆ ಕಾಯಲೇಬೇಕು. ಆ ಉಪ್ಪುನೀರನ್ನೇ ಕುದಿಸಿ, ಆರಿಸಿ, ಅದರಲ್ಲಿ ಸಾಸಿವೆ, ಒಣಮೆಣಸು, ಅರಿಸಿನ ಅರೆದು ಮಸಾಲೆ. ಎಣ್ಣೆ ಒಂದು ಹನಿಯೂ ಇಲ್ಲ.

ಮೊದಲು ನನ್ನ ಬಾಟಲಿ ಮೇಲೆ ಇದ್ದದ್ದು ಇಷ್ಟೇ: "ಅಪ್ಪೆಮಿಡಿ ಉಪ್ಪಿನಕಾಯಿ. ಎಣ್ಣೆ ಇಲ್ಲ." ಊರ ಕಡೆಯವರಿಗೆ ಅದು ಸಾಕಿತ್ತು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಗಿರಾಕಿಗಳು ಹೆಚ್ಚಿದ ಮೇಲೆ ಒಂದೇ ಪ್ರಶ್ನೆ ಬರತೊಡಗಿತು. "ಮಾವಿನಕಾಯಿ ಉಪ್ಪಿನಕಾಯಿ ಅಂಗಡೀಲಿ ಅರ್ಧ ರೇಟಿಗೆ ಸಿಗುತ್ತಲ್ಲ, ನಿಮ್ಮದು ಯಾಕೆ ಇಷ್ಟು?" ನ್ಯಾಯವಾದ ಪ್ರಶ್ನೆ. ಅದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬೇಕಿತ್ತು. ಕೊಯ್ಲಿನ ಹೊತ್ತಿನಲ್ಲಿ ನನಗೆ ಕೂತು ಬರೆಯಲು ಪುರುಸೊತ್ತಿರಲಿಲ್ಲ. ಸಣ್ಣ ಉದ್ಯಮಿಗಳ ಒಂದು ತರಬೇತಿಯಲ್ಲಿ ಪರಿಚಯವಾಗಿದ್ದ ಬ್ರ್ಯಾಂಡಿಂಗ್ ಸಲಹೆಗಾರರು ಆ ಕೆಲಸ ಮಾಡಿಕೊಡುತ್ತೇನೆ ಎಂದರು. ಅರ್ಧ ದುಡ್ಡು ಮುಂಗಡ. ಏನೇ ಬರೆದರೂ ನನಗೆ ತೋರಿಸಿ, ನಾನು ಸರಿ ಎಂದ ಮೇಲೆ ಹೊರಗೆ ಬಿಡಬೇಕು. ಮಾತು ಹಾಗೇ ಆಗಿತ್ತು.

ಅವರು ತೋರಿಸಲಿಲ್ಲ. ಫೋಟೋ ಹಾಕಬೇಕು ಎಂದು ಪೇಜಿನ ಅಡ್ಮಿನ್ ಹಕ್ಕು ಕೇಳಿ ಪಡೆದರು. ಮರುದಿನವೇ ಜಾಹೀರಾತು ಹಾಕಿಬಿಟ್ಟರು, ಸ್ಟಿಕ್ಕರ್ ಪ್ರಿಂಟಿಗೂ ಕೊಟ್ಟುಬಿಟ್ಟರು. ನನಗೆ ಗೊತ್ತಾಗಿದ್ದು ಬೇರೆಯವರಿಂದ. ಬಹಳ ವರ್ಷಗಳಿಂದ ಉಪ್ಪಿನಕಾಯಿ ಒಯ್ಯುವ ಶಿವಮೊಗ್ಗದ ಟೀಚರೊಬ್ಬರು ಫೋನ್ ಮಾಡಿ, "ಏನಮ್ಮಾ, ವ್ಯಾಪಾರ ಬೇರೆಯವರಿಗೆ ಕೊಟ್ಬಿಟ್ಯಾ?" ಎಂದು ಕೇಳಿದರು. ಪೇಜ್ ತೆರೆದು ನೋಡಿದೆ.

"ಪ್ರಕೃತಿಯ ಮಡಿಲಿನಿಂದ ನಿಮ್ಮ ಮನೆಯಂಗಳಕ್ಕೆ. ಪರಂಪರೆಯ ರುಚಿ, ಆರೋಗ್ಯದ ಸಿರಿ. 100% ನೈಸರ್ಗಿಕ. ಜೀರ್ಣಶಕ್ತಿಗೆ ವರದಾನ, ಸಕ್ಕರೆ ಕಾಯಿಲೆಗೆ ಹಿತಕಾರಿ. ಕೆಲವೇ ಬಾಟಲಿ ಉಳಿದಿವೆ, ಇಂದೇ ಆರ್ಡರ್ ಮಾಡಿ!"

ಇದರಲ್ಲಿ ಅಪ್ಪೆಮಿಡಿ ಎಲ್ಲಿದೆ ಹೇಳಿ? ಮೊದಲ ಎರಡು ಸಾಲನ್ನು ಜೇನಿನ ಬಾಟಲಿಗೂ ಅಂಟಿಸಬಹುದು, ಅಗರಬತ್ತಿಗೂ ಅಂಟಿಸಬಹುದು. ಗಿರಾಕಿ ಕೇಳಿದ್ದು ರೇಟಿನ ಬಗ್ಗೆ. ಅದಕ್ಕೆ ಉತ್ತರವೇ ಇಲ್ಲ. ಕೆಳಗೆ "ಬೆಂಗಳೂರಿನ ಗ್ರಾಹಕಿ" ಎಂದು ಯಾವುದೋ ಹೆಂಗಸಿನ ಫೋಟೋ, ಅವರು ಹೊಗಳಿದಂತೆ ನಾಲ್ಕು ಸಾಲು. ಅಂಥ ಗಿರಾಕಿ ನನಗೆ ಯಾರೂ ಇಲ್ಲ. ಕೆಲವೇ ಬಾಟಲಿ ಉಳಿದಿವೆ ಅನ್ನುವುದೂ ಸುಳ್ಳು. ಹೊಸ ಕೊಯ್ಲಿನ ಭರಣಿಗಳು ಕೋಣೆ ತುಂಬ ಕೂತಿದ್ದವು.

ಅದನ್ನೆಲ್ಲ ತೆಗೆಸಲು ಓಡಾಡುತ್ತಿದ್ದಾಗಲೇ ಹುಬ್ಬಳ್ಳಿ ಕಡೆಯಿಂದ ಒಬ್ಬ ಹಿರಿಯರ ಫೋನ್ ಬಂತು. "ತಂಗಿ, ನನಗ ಬಿಪಿ ಐತಿ, ಶುಗರ್ ಐತಿ. ನಿಮ್ಮ ಉಪ್ಪಿನಕಾಯಿ ಶುಗರಿಗೆ ಛಲೋ ಅಂತ ಮೊಬೈಲ್‌ನಾಗ ನೋಡ್ದೆ. ದಿನಾ ಎರಡು ಹೊತ್ತು ತಿಂದ್ರ ನಡೀತೈತೇನವಾ?"

"ಬೇಡ ಅಜ್ಜಾರೇ, ದಯವಿಟ್ಟು ಹಾಗೆ ತಿನ್ನಬೇಡಿ. ಇದರಲ್ಲಿ ಉಪ್ಪು ತುಂಬ ಜಾಸ್ತಿ. ಡಾಕ್ಟ್ರು ಹೇಳಿದ ಪಥ್ಯ ಬಿಡಬೇಡಿ" ಎಂದೆ. ಅವರಿಗೆ ಬೇಸರವಾಯಿತು. "ಮತ್ತ ಹಂಗ್ಯಾಕ ಬರದೀರಿ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ.

ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಸಾರು, ಪಲ್ಯ, ಚಪಾತಿಯ ಉಪ್ಪು ಎಲ್ಲವೂ ಸೇರಿದೆ. ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುವುದೇ ಉಪ್ಪಿನ ಬಲದಿಂದ. ಬಿಪಿ ಇರುವವರಿಗೆ ಇದನ್ನು ದಿನಕ್ಕೆ ಎರಡು ಹೊತ್ತು ತಿನ್ನಿ ಎನ್ನುವುದು ಅಪಾಯ. ಆ ಸ್ಟಿಕ್ಕರ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕು, ಅದು ನಿಯಮ. ಹಿಂಬದಿಯಲ್ಲಿ ನಮ್ಮ ಪಟ್ಟಿ ಸರಿಯಾಗೇ ಇತ್ತು: ಮಾವಿನ ಮಿಡಿ, ಅದರ ಬೆನ್ನಿಗೇ ಉಪ್ಪು. ಅದೇ ಕಾಗದದ ಮುಂಬದಿಯಲ್ಲಿ "ಆರೋಗ್ಯದ ಸಿರಿ". ಎರಡರ ನಡುವೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ಗುರುತಿನ ಪಕ್ಕ, ಅವರು ನನಗೆ ಕೊಟ್ಟ 14 ಅಂಕಿಯ ನಂಬರ್. ಸಲಹೆಗಾರರ ಹೆಸರು ಎಲ್ಲೂ ಇಲ್ಲ.

ಇದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಮಾತು ಬರೆದವರು ಬೇರೆ ಇರಬಹುದು, ನೋಟಿಸ್ ಬರುವುದು ನಂಬರ್ ಯಾರದೋ ಅವರಿಗೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಾಹೀರಾತಿನ ಮಾತುಗಳ ಬಗ್ಗೆಯೇ 2018ರಲ್ಲಿ ಬೇರೆ ನಿಯಮಗಳು ಬಂದಿವೆ. ಈ ತಿಂಡಿ ತಿಂದರೆ ಆ ಕಾಯಿಲೆ ವಾಸಿಯಾಗುತ್ತದೆ ಎಂದು ಸುಮ್ನೆ ಬರೆಯುವಂತಿಲ್ಲ. "ನೈಸರ್ಗಿಕ", "ಶುದ್ಧ", "ಸಾಂಪ್ರದಾಯಿಕ" ಎಂಬ ಪದಗಳನ್ನೂ ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. ಹಣ್ಣಿನ ರಸದ ಡಬ್ಬಿಗಳ ಮೇಲಿನ "100%" ಮಾತನ್ನು ತೆಗೆಯಿರಿ ಎಂದು 2024ರಲ್ಲಿ ಪ್ರಾಧಿಕಾರ ಹೇಳಿತು. 2025ರಲ್ಲಿ ಆಹಾರದ ಲೇಬಲ್‌ಗಳಲ್ಲಿ ಆ ಮಾತೇ ಬೇಡ ಎಂದು ಸಲಹೆ ಹೊರಡಿಸಿತು. ಕೆಲವೇ ಬಾಟಲಿ ಉಳಿದಿವೆ ಎಂದು ಸುಳ್ಳು ಹೇಳಿ ಅವಸರ ಮಾಡುವುದು 2023ರ ಗ್ರಾಹಕ ರಕ್ಷಣೆಯ ಮಾರ್ಗಸೂಚಿಯಲ್ಲಿ ನಿಷೇಧಿಸಿರುವ ತಂತ್ರಗಳಲ್ಲಿ ಒಂದು. ಮಾರ್ಕೆಟಿಂಗೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಇವೆಲ್ಲ ಗೊತ್ತಿರಬೇಕಿತ್ತು ಅಲ್ವಾ?

ಇನ್ನೂ ಒಂದಿದೆ. ಸ್ಟಿಕ್ಕರಿನ ಮೂಲೆಯಲ್ಲಿ ಜಿಐ ಚಿಹ್ನೆ ಹಾಕಿದ್ದರು. ಅಪ್ಪೆಮಿಡಿಗೆ ಜಿಐ, ಅಂದರೆ ಒಂದು ಪ್ರದೇಶದ ವಿಶೇಷ ಸರಕಿಗೆ ಸಿಗುವ ಭೌಗೋಳಿಕ ಸೂಚಕದ ಮಾನ್ಯತೆ ಇರುವುದು ನಿಜ. ಅದು ನಮಗೆಲ್ಲ ಹೆಮ್ಮೆ. ಆದರೆ ಅದನ್ನು ಬಳಸಲು 1999ರ ಜಿಐ ಕಾಯ್ದೆಯ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಆ ನೋಂದಣಿ ನನಗೆ ಇಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಕೇಳಿದರೆ, "ಎಲ್ಲರೂ ಹಾಕ್ತಾರೆ ಮೇಡಂ, ಯಾರು ನೋಡ್ತಾರೆ" ಎಂದರು. ಇಳಕಲ್ ಸೀರೆ, ಮೈಸೂರು ಮಲ್ಲಿಗೆ, ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ ಮಾರುವವರೂ ಇದನ್ನು ಗಮನಿಸಿ. ಆ ಹೆಸರಿನ ಹಿಂದೆ ಸಾವಿರಾರು ಬೆಳೆಗಾರರ, ಕುಶಲಕರ್ಮಿಗಳ ದುಡಿಮೆ ಇದೆ. ಒಂದು ಸ್ಟಿಕ್ಕರಿನ ಅಂದಕ್ಕೆ ಅದನ್ನು ಎಳೆದು ತರಬಾರದು.

ಸ್ಟಿಕ್ಕರ್ ಒಂದನ್ನೂ ಬಳಸಲಿಲ್ಲ. ಪೇಜಿನ ಹಕ್ಕು ವಾಪಸ್ ಕೊಡಿ ಎಂದಾಗ, ಬಾಕಿ ದುಡ್ಡು ಕೊಟ್ಟರೆ ಮಾತ್ರ ಎಂದರು. ಆಗಿದ್ದನ್ನೆಲ್ಲ ಬರೆದು, ಸ್ಕ್ರೀನ್‌ಶಾಟ್ ಸಮೇತ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ ಮೇಲೆ ಪೇಜ್ ಬಂತು. ಮುಂಗಡ ಬರಲಿಲ್ಲ.

ನನ್ನ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು: ಯಾಕೆ ಇಷ್ಟು ರೇಟು? ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಗಿರಾಕಿಗಳ ಹಳೆಯ ವಾಟ್ಸಾಪ್ ಮೆಸೇಜ್‌ಗಳನ್ನೆಲ್ಲ ತೆಗೆದು ಓದತೊಡಗಿದೆ. ನನಗೆ ಬೇಕಿದ್ದ ಮಾತೆಲ್ಲ ಅಲ್ಲೇ ಇತ್ತು. "ಕಚ್ಚಿದರೆ ಕರುಂ ಅನ್ನುತ್ತೆ, ಒಳಗೆ ಓಟೆ ಸಿಗಲ್ಲ." "ಮೊಸರನ್ನಕ್ಕೆ ಮಿಡಿನೇ ಬೇಡ, ರಸ ಸಾಕು." "ಹೋದ ವರ್ಷದ್ದು ಇನ್ನೂ ಹಾಗೇ ಇದೆ." "ಮಗಳು ಜರ್ಮನಿಗೆ ಹೋಗ್ತಿದಾಳೆ, ಸೂಟ್‌ಕೇಸಲ್ಲಿ ಸೋರಲ್ವಾ?" ಪರಂಪರೆ ಅಂತ ಯಾರೂ ಬರೆದಿರಲಿಲ್ಲ. ಪ್ರಕೃತಿಯ ಮಡಿಲು ಅಂತಲೂ ಯಾರೂ ಬರೆದಿರಲಿಲ್ಲ. ದುಡ್ಡು ಕೊಟ್ಟು ತಿನ್ನುವವರು ಆ ಭಾಷೆಯಲ್ಲಿ ಮಾತಾಡುವುದೇ ಇಲ್ಲ.

ಈಗ ಬಾಟಲಿ ಮೇಲೆ, ಪೇಜಿನಲ್ಲಿ ಇರುವುದು ಇದು: "ಓಟೆ ಕಟ್ಟುವ ಮುಂಚಿನ ಎಳೆ ಅಪ್ಪೆಮಿಡಿ. ಮರ ಹತ್ತಿ, ಒಂದೊಂದಾಗಿ ತೊಟ್ಟು ಸಮೇತ ಕೊಯ್ದದ್ದು. ಎಣ್ಣೆ ಇಲ್ಲ. ಉಪ್ಪು ಜಾಸ್ತಿ ಇದೆ, ಊಟಕ್ಕೆ ಅರ್ಧ ಮಿಡಿ ಸಾಕು." ಕೊನೆಯ ಸಾಲು ಹಾಕುವಾಗ ತಂಗಿ ಬೇಡ ಎಂದಳು, ಜನ ಹೆದರುತ್ತಾರೆ ಎಂದಳು. ಯಾರೂ ಹೆದರಲಿಲ್ಲ. ಅರ್ಧ ಮಿಡಿ ಸಾಕು ಎಂದರೆ ಒಂದು ಬಾಟಲಿ ಎಷ್ಟು ದಿನ ಬರುತ್ತದೆ ಎಂದು ಅವರೇ ಲೆಕ್ಕ ಹಾಕುತ್ತಾರೆ. ರೇಟಿನ ಪ್ರಶ್ನೆ ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಇದನ್ನು ಹಾಕುವ ಮುಂಚೆ ಅಪ್ಪೆಮಿಡಿ ಕಂಡೇ ಇಲ್ಲದ ಇಬ್ಬರು ಮೂವರಿಗೆ ಓದಿ ಹೇಳಿದ್ದೆ. ಓದಿದ ಮೇಲೆ "ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ" ಎಂದು ಕೇಳಿದೆ. ಒಬ್ಬರು ಓಟೆ ಎಂದರೆ ಏನು ಎಂದರು. ಅದಕ್ಕೇ ಈಗ ಪೇಜಿನಲ್ಲಿ ಮಿಡಿಯನ್ನು ಅಡ್ಡ ಕತ್ತರಿಸಿದ ಫೋಟೋ ಇದೆ. ಚೆನ್ನಾಗಿದೆಯಾ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಬರೆಯಲು ನೆರವು ಬೇಕು ಅನ್ನುವವರು ಇರುತ್ತಾರೆ. ಒಳ್ಳೆಯ ಬರಹಗಾರರೂ ಇದ್ದಾರೆ, ಅವರ ಮೇಲೆ ನನಗೆ ದೂರಿಲ್ಲ. ಆದರೆ ಯಾರೇ ಆಗಲಿ, ನಿಮ್ಮ ಗಿರಾಕಿಗಳ ಒಂದು ಮೆಸೇಜನ್ನೂ ಕೇಳದೆ, ನೀವು ಮಾಡುವ ಜಾಗ ನೋಡದೆ ಬರೆಯಲು ಕೂತರೆ ಅಲ್ಲೇ ನಿಲ್ಲಿಸಿ. ನನ್ನ ಸಲಹೆಗಾರರು ಉಪ್ಪಿನಕಾಯಿಯ ರುಚಿಯನ್ನೂ ನೋಡಿರಲಿಲ್ಲ. ನೀವು ವಾಟ್ಸಾಪಿನಲ್ಲಿ ಸರಿ ಎಂದು ಬರೆಯುವವರೆಗೆ ಏನೂ ಹೊರಗೆ ಹೋಗಬಾರದು ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಸಿ. ಪೇಜಿನ ಪೂರ್ತಿ ಹಕ್ಕು ನಿಮ್ಮ ನಂಬರಿನಲ್ಲೇ ಇರಲಿ. ಪೋಸ್ಟ್ ಹಾಕಲು ಬೇಕಾದಷ್ಟು ಹಕ್ಕನ್ನು ಮಾತ್ರ ಬೇರೆಯಾಗಿ ಕೊಡಬಹುದು, ಸೆಟ್ಟಿಂಗ್ಸ್‌ನಲ್ಲಿ ಆ ಅನುಕೂಲ ಇದೆ. ಪ್ರಿಂಟಿಂಗ್ ಪ್ರೆಸ್ಸಿನವರ ಜೊತೆ ನೀವೇ ಮಾತಾಡಿ.

ಇಂಥ ಮಾತು ಈಗಾಗಲೇ ನಿಮ್ಮ ಹೆಸರಿನಲ್ಲಿ ಹೊರಗೆ ಹೋಗಿದ್ದರೆ, ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಇವತ್ತೇ ತೆಗೆಸಿ. ಆ ದಿನಗಳಲ್ಲಿ ಆರ್ಡರ್ ಮಾಡಿದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ, ಆ ಮಾತು ಸರಿಯಲ್ಲ ಎಂದು ಹೇಳಿ. ಬಿಪಿ, ಶುಗರ್ ಇರುವವರಿಗೆ ಮೊದಲು ಮಾಡಿ.